ಎರಡು ಟೇಪು ಕೊಸರು

ಟೇಪಕ್ಕನಿಗೆ ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂಬುದೇ ತಿಳಿಯದೆ ಐದು ತಿಂಗಳು ಕಳೆದುಹೋದವು. ಕೋಪಕ್ಕೇನೂ ಬರವಿರಲಿಲ್ಲ. ಬೆಳಿಗ್ಗೆ ಎದ್ದರೆ ಕೋಪ, ಪಾತ್ರೆ ತೊಳೆದರೆ ಕೋಪ, ಬಾಗಿಲಿಗೆ ಚಿಲಕ ಹಾಕಿದರೆ ಆ ಚಿಲಕದ ಮೇಲೂ ಕೋಪ. ಆದರೆ ಯಾರನ್ನಾದರೂ ಬೈಯಬೇಕೆಂದು ಬಾಯಿ ತೆರೆದರೆ ಸಾಕು, ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಯಾಕೆ ಸಿಕ್ಕಿಕೊಳ್ಳುತ್ತಿತ್ತು ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಗಂಡನಿಗೂ ಹೇಳಿರಲಿಲ್ಲ.

ಮೊದಲಿಂದಲೇ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ಮೂವತ್ತೊಂದು ವರ್ಷ ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ನಿಂತವಳು. ಕುತ್ತಿಗೆಯಲ್ಲಿ ಸದಾ ಹಳದಿ ಟೇಪು ಜೋತುಬಿದ್ದಿರುತ್ತಿತ್ತು, ಅದಕ್ಕೇ ಟೇಪಕ್ಕ. ಮಗು ಕೈ ಅಗಲಿಸಿ ನಿಂತರೆ ಭುಜ, ಎದೆ, ಸೊಂಟ, ಉದ್ದ ಅಂತ ನಾಲ್ಕು ಸಲ ಟೇಪು ಆಡಿಸಿ, ಚೀಟಿಯಲ್ಲಿ ಬರೆದುಕೊಳ್ಳದೆ, ಸಂಜೆ ನೆನಪಿನಿಂದಲೇ ಕತ್ತರಿಸುತ್ತಿದ್ದಳು. ಅಳತೆ ತಪ್ಪಿತೆಂದು ವಾಪಸು ಬಂದ ಅಂಗಿ ಒಂದೂ ಇಲ್ಲ. ಆದರೆ ಅವಳು ಹೆಸರು ಮಾಡಿದ್ದು ಹೊರಗೆ ಕಾಣದ ಬಟ್ಟೆಯಿಂದ. ಸ್ಕರ್ಟಿನ ಅಂಚಿನಲ್ಲಿ, ಪ್ಯಾಂಟಿನ ಕಾಲಿನಲ್ಲಿ, ತೋಳಿನ ತುದಿಯಲ್ಲಿ ಒಳಗಡೆ ಮೂರು ಬೆರಳಷ್ಟು ಬಟ್ಟೆ ಮಡಿಸಿ ಬಿಡುತ್ತಿದ್ದಳು. ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಒಂದು ಬೆರಳು ಇಳಿಸಿಕೊಂಡರೆ ಅದೇ ಬಟ್ಟೆ ಮೂರು ವರ್ಷ ಬರುತ್ತಿತ್ತು. ಅಂಗಡಿ ಯಜಮಾನನಿಗೆ ಇದು ಹೊಟ್ಟೆ ಉರಿಸುವ ಅಭ್ಯಾಸ. ಆದರೂ ಗಿರಾಕಿಗಳು ಬರುತ್ತಿದ್ದದ್ದೇ ಅದಕ್ಕೆ, ಹಾಗಾಗಿ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ.

ಕೊಡುವುದರಲ್ಲಿ ಹೀಗಾದರೆ ತೆಗೆದುಕೊಳ್ಳುವುದರಲ್ಲಿ ಕೊಸರಿನ ಹುಚ್ಚು. ತರಕಾರಿಯವಳ ಹತ್ತಿರ ಒಂದು ಹಿಡಿ ಸೊಪ್ಪು, ಗುಂಡಿ ಮಾರುವವನ ಹತ್ತಿರ ನಾಲ್ಕು ಗುಂಡಿ, ಬಟ್ಟೆಯ ಸಗಟು ಅಂಗಡಿಯಲ್ಲಿ ಗೇಣುದ್ದದ ತುಂಡು. "ಎಲ್ಲಿ ಕೊಸರು?" ಎಂದು ಚೀಲ ಒಡ್ಡಿದಳೆಂದರೆ ಹಾಕುವ ತನಕ ಚೀಲ ಕೆಳಗಿಳಿಯುತ್ತಿರಲಿಲ್ಲ. ಅಂಗಡಿಯವನು ಮೈಮರೆತು ತಾನೇ ನಾಲ್ಕಿಂಚು ಜಾಸ್ತಿ ಹರಿದುಬಿಟ್ಟರೆ? ಆಗ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಸೋದರತ್ತೆ ಹೇಳಿಕೊಟ್ಟಿದ್ದೇ ಹಾಗೆ. ಕಡಿಮೆ ಬಂದರೆ ಬೀದಿಗೆಲ್ಲ ಕೇಳುವ ಹಾಗೆ ಜಗಳ ಆಡು, ಜಾಸ್ತಿ ಬಂದರೆ ಮಡಿಚಿ ಚೀಲಕ್ಕೆ ಹಾಕಿಕೊಂಡು ನಡಿ. ಇದನ್ನು ಕಳ್ಳತನ ಅಂತ ಆ ಕಸುಬಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಈಗ ಹೆಬ್ಬೆರಳಿನ ಕಥೆ. ಕತ್ತರಿಯ ಹಿಡಿ ಒತ್ತಿ ಒತ್ತಿ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಬೆಳಿಗ್ಗೆ ಹೊತ್ತು ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಗಂಡನ ಮುಂದೆ ಹಿಡಿಯುತ್ತಿದ್ದಳು. ಡಾಕ್ಟರು ಎಕ್ಸ್-ರೇ ಎತ್ತಿ ಹಿಡಿದು, "ನೀವಾಗಿ ಕತ್ತರಿ ಬಿಡಿ. ಇಲ್ಲಾಂದ್ರೆ ಬೆರಳೇ ನಿಮ್ಮನ್ನ ಬಿಡತ್ತೆ" ಎಂದರು. ಕತ್ತರಿ ಬಿಟ್ಟರೆ ಮನೆ ನಡೆಯುವುದು ಹೇಗೆ? ಗಂಡ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಜೀವಮಾನವೆಲ್ಲ ರೈಟ್ ರೈಟ್ ಅಂದು ಅಂದು, ಊಟಕ್ಕೆ ಏಳಿ ಅಂದರೂ "ರೈಟ್", ನೆಂಟರು ಸತ್ತರು ಅಂದರೂ "ರೈಟ್". ಊರಿಗೆಲ್ಲ ಅವನು ರೈಟಣ್ಣ. ಅವನ ಪಿಂಚಣಿ ಇಬ್ಬರ ಔಷಧಿಗೇ ಸರಿಹೋಗುತ್ತಿತ್ತು. ಅದಕ್ಕೇ ಇಬ್ಬರೂ ಕೂಡಿಟ್ಟ ಗಂಟನ್ನೆಲ್ಲ ಸುರಿದು ಒಂದು ಪುಟ್ಟ ಮನೆ ಕೊಳ್ಳುವುದು, ಬಾಡಿಗೆಗೆ ಬಿಡುವುದು, ಕತ್ತರಿ ಕೆಳಗಿಡುವುದು ಎಂದು ತೀರ್ಮಾನವಾಯಿತು. ಟೇಪಕ್ಕನ ಆಸೆ ಇಷ್ಟೇ, ಬೆರಳಿಗೆ ಬಿಡುವು.

ಬ್ರೋಕರು ತೋರಿಸಿದ್ದು ಒಂದು ಮಹಡಿ ಮನೆ. ಕೆಳಗಡೆ ಮಾರುವವರದೇ ವಾಸ. ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಒಬ್ಬರೇ ಇರುವುದು, ಉಗುರಿನ ಸಂದಿಯಲ್ಲಿ ಸದಾ ನೀಲಿ ಬಣ್ಣ. ಪಕ್ಕದ ಮೆಟ್ಟಿಲು ಹತ್ತಿದರೆ ಮೇಲೆ ಹಾಲು, ಅಡುಗೆಮನೆ, ಮಲಗುವ ಕೋಣೆ. ಹಾಲಿನ ಹಿಂದಕ್ಕೆ ಬಾಗಿಲೂ ಇಲ್ಲ ಗೋಡೆಯೂ ಇಲ್ಲ, ನೇರವಾಗಿ ಇನ್ನೊಂದು ಕೋಣೆ. ಅದರ ಮೂರೂ ಕಡೆ ಕಿಟಕಿ. ಚಿತ್ರ ಬರೆಯಲು ಬೆಳಕು ಬೇಕೆಂದು ಮೇಷ್ಟ್ರು ತಾವೇ ಮುಂದೆ ನಿಂತು ಕಟ್ಟಿಸಿದ್ದಂತೆ. ಮೂವತ್ತೊಂದು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಗೆರೆ ಹುಡುಕಿದ ಟೇಪಕ್ಕ ಆ ಕೋಣೆಯ ಮಧ್ಯೆ ನಿಂತು, ಬಾಯಿಬಿಟ್ಟುಕೊಂಡು ನೋಡಿದಳು.

ರೈಟಣ್ಣನೂ ಬ್ರೋಕರೂ ನೀರಿನ ಟ್ಯಾಂಕು ನೋಡಲು ಏಣಿ ಹತ್ತಿದರು. ಟೇಪಕ್ಕನ ಕೈಯಲ್ಲಿ ಮನೆಯ ಪ್ಲಾನಿನ ಜೆರಾಕ್ಸ್ ಇತ್ತು. ಕೈ ಸುಮ್ಮನಿರಬೇಕಲ್ಲ! ಕುತ್ತಿಗೆಯಿಂದ ಟೇಪು ತೆಗೆದು ಮುಂಬಾಗಿಲಿನಿಂದ ಅಳೆಯುತ್ತ ಹೊರಟಳು. ಟೈಲರ್ ಟೇಪು ಅಂದರೆ ಐದಡಿ. ಪ್ಲಾನಿನಲ್ಲಿ ಮನೆಯ ಉದ್ದ ಇಪ್ಪತ್ತೈದಡಿ, ಐದು ಟೇಪಿಗೆ ಮುಗಿಯಬೇಕು. ಒಂದು, ಎರಡು, ಮೂರು, ನಾಲ್ಕು, ಐದು. ಐದಕ್ಕೆ ಹಾಲು ಮುಗಿಯಿತು. ಬೆಳಕಿನ ಕೋಣೆ ಪೂರ್ತಿ ಆಚೆಗೇ ಉಳಿದಿತ್ತು. ಮತ್ತೆ ಆರು, ಏಳು. ಏಳನೆಯದಕ್ಕೆ ಹಿಂದಿನ ಗೋಡೆ ಮುಟ್ಟಿತು. ಕಾಗದದಲ್ಲಿ ಐದು, ನೆಲದ ಮೇಲೆ ಏಳು.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಟೇಪಕ್ಕನಿಗೆ ಆದದ್ದು ಹೆದರಿಕೆಯಲ್ಲ, ಹಿಗ್ಗು. ಪಾಪ, ಚಿತ್ರ ಬರೆಯುವ ಮನುಷ್ಯ, ಕಾಗದದಲ್ಲಿ ಇದ್ದಷ್ಟಕ್ಕೇ ಬೆಲೆ ಕಟ್ಟಿದ್ದಾನೆ, ಎರಡು ಟೇಪು ಜಾಸ್ತಿ ಹರಿದುಬಿಟ್ಟಿದ್ದಾನೆ ಅಂದುಕೊಂಡಳು. ಎಲ್ಲಿ ನೆನಪಾಗಿ ಬೆಲೆ ಏರಿಸುತ್ತಾನೋ ಎಂದು ಟೇಪನ್ನು ಗಡಿಬಿಡಿಯಲ್ಲಿ ಸುತ್ತಿ ಮುಷ್ಟಿಯೊಳಗೆ ಮುಚ್ಚಿಕೊಂಡಳು. ಏಣಿ ಇಳಿದು ಬಂದ ಬ್ರೋಕರು, "ಹಿಂದಿನ ರೂಮು ಕೊಸರು ಅಂದ್ಕೊಳ್ಳಿ ಅಕ್ಕಾ" ಎಂದು ಹಲ್ಲು ಕಿರಿದ. ಆ ಮಾತು ಕೇಳಿದ ಮೇಲೆ ಅವಳು ಬೇರೆ ಮನೆಯನ್ನೇ ನೋಡಲಿಲ್ಲ.

ತಿಂಗಳೊಳಗೆ ಮನೆ ಕೈಗೆ ಬಂತು. ಆಸ್ಪತ್ರೆಯ ನರ್ಸೊಬ್ಬಳು, ಅವಳ ಗಂಡ, ಇಬ್ಬರೇ, ಬಾಡಿಗೆಗೆ ಬಂದರು. ಮೊದಲ ಬಾಡಿಗೆ ಕೈಗೆ ಬಂದ ದಿನವೇ ಟೇಪಕ್ಕ ಅಂಗಡಿಯಲ್ಲಿ ಕತ್ತರಿ ಇಟ್ಟು ಬಂದಳು. ಯಜಮಾನ ನಾಲ್ಕು ಒಳ್ಳೆ ಮಾತಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಹೊಸ ಟೇಪೊಂದನ್ನು ಉಡುಗೊರೆ ಕೊಟ್ಟ. ಮೂವತ್ತೊಂದು ವರ್ಷಕ್ಕೆ ಒಂದು ಟೇಪು! ಆದರೂ ಅವಳಿಗೆ ಬೇಜಾರಾಗಲಿಲ್ಲ. ಎರಡು ವಾರ ಮಧ್ಯಾಹ್ನ ಮಲಗಿ ಎದ್ದಳು. ಬೆರಳಿನ ಊತ ಇಳಿಯತೊಡಗಿತು, ಒಂದು ಬೆಳಿಗ್ಗೆ ಬಾಟಲಿ ಮುಚ್ಚಳ ತಾನೇ ತಿರುಗಿಸಿ ತೆಗೆದಳು.

ಅಷ್ಟರಲ್ಲಿ ಮೀಟರಿನ ರಗಳೆ ಶುರುವಾಯಿತು. ಮೇಲಿನ ಮನೆಗೂ ಕೆಳಗಿನ ಮನೆಗೂ ಸೇರಿ ಒಂದೇ ವಿದ್ಯುತ್ ಮೀಟರು. ನರ್ಸಮ್ಮ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಕೆಳಗೆ ಮೇಷ್ಟ್ರ ದೀಪ ಹೋಗುವುದು, ಮೇಷ್ಟ್ರು ಹೀಟರು ಹಾಕಿದರೆ ಮೇಲೆ ಕತ್ತಲೆ. "ಬೇರೆ ಮೀಟರ್ ಹಾಕಿಸಿಬಿಡಿ ಆಂಟಿ" ಎಂದಳು ನರ್ಸಮ್ಮ. ಅದೇನು ಮಹಾ ಎಂದು ಟೇಪಕ್ಕ ಅರ್ಜಿ ಹಿಡಿದು ಹೋದಳು. ಮೀಟರಿನವರು ಕಟ್ಟಡ ಕಚೇರಿಯಿಂದ ಪ್ಲಾನಿನ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ ಎಂದರು. ಕಟ್ಟಡ ಕಚೇರಿಯ ಗುಮಾಸ್ತ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡವನು, ಕಡತ ಬಿಚ್ಚಿ ಹರವಿದ.

"ಎಷ್ಟು ರೂಮಮ್ಮ?"

"ಮಲಗೋ ರೂಮೊಂದು, ಹಿಂದಿನ ರೂಮೊಂದು."

"ಹಿಂದೆ ರೂಮಿಲ್ಲ. ತೆರೆದ ತಾರಸಿ ಅಂತಿದೆ."

"ಇದೆಯಪ್ಪಾ. ನಿನ್ನೆ ತಾನೆ ಅಲ್ಲಿ ನಿಂತು ಬಂದೆ."

"ನೀವು ನಿಂತಿರಬಹುದು. ಕಾಗದದಲ್ಲಿ ಇಲ್ಲ ಅಂದ್ರೆ ಇಲ್ಲ."

"ಮೂರು ಗೋಡೆ, ಮೂರಕ್ಕೂ ಕಿಟಕಿ, ಮೇಲೆ ಸೂರು..."

"ಒಳ್ಳೇದಾಯ್ತು ಹೇಳಿದ್ದು" ಎಂದು ಅವನು ಪೆನ್ಸಿಲ್ ಕೈಗೆ ತೆಗೆದುಕೊಂಡ. "ಇಂಜಿನಿಯರನ್ನ ಕಳಿಸ್ತೀವಿ."

ನೋಡಿ, ತನ್ನ ಬಾಯಿಂದಲೇ ಹೋಗಿ ಒಪ್ಪಿಸಿ ಬಂದಳು! ಮೀಟರು ಕೇಳಲು ಹೋದವಳು ಮನೆಯನ್ನೇ ಹಿಡಿದುಕೊಟ್ಟು ಬಂದಳು. ದಾರಿಯುದ್ದಕ್ಕೂ ತನ್ನ ನಾಲಿಗೆಯನ್ನೇ ಶಪಿಸಿಕೊಂಡಳು.

ಇಂಜಿನಿಯರು ಚಿಕ್ಕ ವಯಸ್ಸಿನವಳು, ಕೈಯಲ್ಲೊಂದು ಸುತ್ತಿಗೆ. ಹಾಲಿನ ಮಧ್ಯೆ ನಿಂತು ಮೇಲೆ ನೋಡಿದಳು. "ಇಲ್ಲಿ ಮನೆಯ ಹಿಂದಿನ ಗೋಡೆ ಇರಬೇಕಿತ್ತು. ಅದನ್ನ ಒಡೆದು ಹಾಕಿದ್ದಾರೆ. ಹಾಗಾದ್ರೆ ತಾರಸಿ ಭಾರ, ಟ್ಯಾಂಕ್ ಭಾರ, ಯಾವುದರ ಮೇಲೆ ನಿಂತಿದೆ?" ಎಂದು ಕೇಳಿದಳು. ರೈಟಣ್ಣ ಧೈರ್ಯವಾಗಿ ಮೂಲೆಯ ಕಂಬ ತೋರಿಸಿದ. ಅವಳು ಕಂಬಕ್ಕೆ ಸುತ್ತಿಗೆಯಿಂದ ತಟ್ಟಿದಳು. ಟೊಳ್ಳು ಸದ್ದು. ಇನ್ನೊಂದು ಪೆಟ್ಟಿಗೆ ಗಾರೆ ಕಳಚಿ ಬಿತ್ತು, ಒಳಗಿನಿಂದ ಇಣುಕಿದ್ದು ಒಂದು ಹಳೆಯ ನೀರಿನ ಪೈಪು. ಕಂಬ ಅಂದುಕೊಂಡದ್ದು ಪೈಪಿಗೆ ತೊಡಿಸಿದ ಅಂಗಿ! ಅಂಗಿಯ ಒಳಗೆ ಮೈಯೇ ಇರಲಿಲ್ಲ.

"ಇವತ್ತೇ ಈ ರೂಮಿಂದ ಎಲ್ಲರೂ ಹೊರಗೆ" ಎಂದಳು ಇಂಜಿನಿಯರು. "ನೋಟಿಸ್ ಬರತ್ತೆ. ಮೇಲಿನವರ ಸಹಿ ಆಗಬೇಕು, ತಡ ಆಗಬಹುದು."

ನರ್ಸಮ್ಮ ಪಾತ್ರೆ ಕಟ್ಟತೊಡಗಿದಳು. ಟೇಪಕ್ಕ ಬಾಗಿಲಲ್ಲಿ ನಿಂತು, "ಒಂದೆರಡು ವಾರ ತಡ್ಕೊಳ್ಳಮ್ಮಾ, ಸರಿ ಮಾಡಿಸ್ತೀನಿ" ಎಂದಳು. ನರ್ಸಮ್ಮ ತಿರುಗಿ ನೋಡಿ, "ಆಂಟಿ, ನಾನು ದಿನಾ ಬಿದ್ದೋರನ್ನ ಎತ್ತೋ ಕೆಲಸ ಮಾಡೋಳು. ನನ್ನ ಮೇಲೆ ಸೂರು ಬಿದ್ರೆ ಯಾರು ಎತ್ತಬೇಕು?" ಎಂದಳು. ಅವತ್ತು ಸಂಜೆಗೇ ಮನೆ ಖಾಲಿಯಾಯಿತು. ಬಾಡಿಗೆ ನಿಂತಿತು.

ಅಲ್ಲಿಂದ ಶುರುವಾಯಿತು ಐದು ತಿಂಗಳ ಅಲೆದಾಟ. ಮೊದಲು ಸಕ್ರಮ ಮಾಡಿಸೋಣವೆಂದು ಅರ್ಜಿ. ಹಿಂದಿನ ಗೋಡೆ ಪಕ್ಕದವರ ಕಾಂಪೌಂಡಿಗೇ ಅಂಟಿಕೊಂಡಿದೆ, ನಡುವೆ ಜಾಗ ಬಿಟ್ಟಿಲ್ಲ, ಸಕ್ರಮ ಆಗುವುದಿಲ್ಲ ಎಂದರು. ಸರಿ, ಹಾಳಾಗಿ ಹೋಗಲಿ, ಒಡೆದು ಮೊದಲಿದ್ದ ಜಾಗದಲ್ಲಿ ಗೋಡೆ ಎಬ್ಬಿಸುತ್ತೇವೆ ಅಂದರೆ ಒಡೆಯುವುದಕ್ಕೂ ಅನುಮತಿ ಬೇಕಂತೆ. ಆ ಅರ್ಜಿಯೂ ಬಂದು ಬಿದ್ದದ್ದು ಪೆನ್ಸಿಲ್ ಗುಮಾಸ್ತನ ಮೇಜಿನ ಮೇಲೆಯೇ.

"ಏನು ಒಡೀಬೇಕು?"

"ಹಿಂದಿನ ರೂಮು."

ಅವನು ಕಡತ ನೋಡಿದ. "ಇಲ್ಲಿ ರೂಮೇ ಇಲ್ವಲ್ಲಮ್ಮ. ಇಲ್ಲದ್ದನ್ನ ಒಡೆಯೋಕೆ ನಾನು ಹೇಗೆ ಅನುಮತಿ ಕೊಡ್ಲಿ?"

"ನೀವೇ ಅಲ್ವೇನಪ್ಪಾ ಇಂಜಿನಿಯರನ್ನ ಕಳಿಸಿದ್ದು? ಅವರು ಸುತ್ತಿಗೇಲಿ ಹೊಡೆದು ನೋಡಿಲ್ವಾ?"

"ಅದು ತಪಾಸಣೆ ವಿಭಾಗ. ಅವರ ನೋಟಿಸ್ ಬರಲಿ. ಬಂದ ಮೇಲೆ ರೂಮು ಇದೆ ಅಂತಾಗತ್ತೆ. ಆಮೇಲೆ ಒಡೀಬಹುದು."

"ನೋಟಿಸ್ ಯಾವಾಗ ಬರತ್ತೆ?"

"ಅದು ಆ ವಿಭಾಗದವರನ್ನೇ ಕೇಳ್ಬೇಕು."

ಆ ವಿಭಾಗ ಮೂರನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಮೇಲೆ ಹೋದರೆ ಸಾಹೇಬರು ರಜೆ, ಇನ್ನೊಂದು ದಿನ ಹೋದರೆ ಮೀಟಿಂಗು, ಮತ್ತೊಂದು ದಿನ ಹೋದರೆ ಸಾಹೇಬರಿಗೆ ವರ್ಗ. ಮೈಯೆಲ್ಲ ಉರಿದುಹೋಗುತ್ತಿತ್ತು ಟೇಪಕ್ಕನಿಗೆ. ಇರುವ ರೂಮಿಗೆ ಮೀಟರಿಲ್ಲ, ಏಕೆಂದರೆ ಅದು ಇರಬಾರದು. ಇರಬಾರದ ರೂಮನ್ನು ಒಡೆಯಲು ಬಿಡುವುದಿಲ್ಲ, ಏಕೆಂದರೆ ಅದು ಇಲ್ಲ. ಇದನ್ನು ರಾತ್ರಿಯೆಲ್ಲ ಯೋಚಿಸಿದರೆ ಯಾರಿಗಾದರೂ ತಲೆ ಕೆಡುವುದು ಖಂಡಿತ.

ಇತ್ತ ರೈಟಣ್ಣ ತನ್ನ ಪಾಲಿನ ಯುದ್ಧ ನಡೆಸಿದ್ದ. ವಾರಕ್ಕೆರಡು ಸಲ ಹೋಗಿ ಮೇಷ್ಟ್ರ ಗೇಟು ಹಿಡಿದು ನಿಲ್ಲುವುದು. ಬಸ್ಸಿನ ಕೊನೆಯ ಸೀಟಿಗೂ ಮುಟ್ಟುತ್ತಿದ್ದ ಗಂಟಲು ಅದು, ಬೀದಿಯ ಎರಡೂ ತುದಿಗೆ ಕೇಳುತ್ತಿತ್ತು. "ಮೋಸಗಾರ! ಮಕ್ಕಳಿಗೆ ಪಾಠ ಹೇಳಿದ ಮನುಷ್ಯ ನೀನು, ನಾಚಿಕೆ ಆಗಲ್ವಾ? ಗೋಡೆ ಒಡೆದಿದ್ದು ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದ್ಯಲ್ಲೋ!" ಮೇಷ್ಟ್ರು ಮೊದಮೊದಲು ಕೈಮುಗಿದರು, ಆಮೇಲೆ ಕಿಟಕಿ ಮುಚ್ಚಿಕೊಂಡರು, ಆಮೇಲೆ ಸಂಜೆ ವಾಕಿಂಗನ್ನೇ ನಿಲ್ಲಿಸಿದರು. ಅವರ ತಲೆಯ ಮೇಲೇ ಆ ಪೈಪಿನ ಕಂಬ ನಿಂತಿತ್ತು ಅನ್ನುವುದು ಬೇರೆ ಮಾತು. ಕೋಣೆಯ ಬೆಳಕಿನ ಚಿಂತೆಯಲ್ಲಿ ಅದು ಅವರಿಗೆ ಹೊಳೆದೇ ಇರಲಿಲ್ಲವಂತೆ.

ಒಂದು ದಿನ ಟೇಪಕ್ಕ ಒಬ್ಬಳೇ ಹೋದಳು. ಬೈಯಬೇಕೆಂದೇ ಹೋಗಿದ್ದಳು. ಮೇಷ್ಟ್ರು ಬಾಗಿಲನ್ನು ಅರ್ಧ ತೆರೆದರು.

"ತಾಯಿ, ನಾನು ಮುಚ್ಚಿಟ್ಟಿದ್ದೇನು? ರೂಮು ಕಣ್ಣೆದುರಿಗೇ ಇತ್ತು. ಪ್ಲಾನೂ ನಿಮ್ಮ ಕೈಲೇ ಇತ್ತು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆನೋ ಏನೋ."

"ಹೇಳ್ತಿದ್ದೆನೋ ಏನೋ ಅಂದ್ರೆ? ಅದು ಹೇಳಬೇಕಾದ ಮಾತಲ್ವಾ?" ಎಂದು ಟೇಪಕ್ಕ ದನಿ ಎತ್ತಿದಳು.

"ಹೌದು, ಹೇಳಬೇಕಿತ್ತು" ಎಂದರು ಮೇಷ್ಟ್ರು ನೆಲ ನೋಡುತ್ತ. "ಗಿರಾಕಿ ಓಡಿಹೋಗ್ತಾರೆ ಅಂತ ಭಯ ಆಯ್ತು. ನಿಮಗೆ ಯಾವತ್ತೂ ಹಾಗಾಗಿಲ್ವಾ?"

ಮುಷ್ಟಿಯೊಳಗೆ ಸುತ್ತಿಕೊಂಡ ಟೇಪು ನೆನಪಾಯಿತು. ಬೈಗುಳಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು, ಒಂದೂ ಹೊರಗೆ ಬೀಳಲಿಲ್ಲ. ನಾನು ಅವನನ್ನು ಪೆದ್ದ ಅಂದುಕೊಂಡು ಸುಮ್ಮನಿದ್ದೆ, ಅವನು ನನ್ನನ್ನು ಪೆದ್ದಿ ಅಂದುಕೊಂಡು ಸುಮ್ಮನಿದ್ದ. ಹಾಗಾದರೆ ಮೋಸ ಮಾಡಿದವರು ಯಾರು? ಮನೆಗೆ ಬಂದು ಸಿಟ್ಟಿಗೆ ಪಾತ್ರೆಯೊಂದನ್ನು ಕುಕ್ಕಿದಳು. ಬೆರಳು ಜುಮ್ಮೆಂದಿತು. "ಏನಂದ ಆ ಮುದುಕ?" ಎಂದು ರೈಟಣ್ಣ ಕೇಳಿದ್ದಕ್ಕೆ, "ಏನಂತಾನೆ, ಬಿಡಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಐದನೇ ತಿಂಗಳು ಬ್ರೋಕರು ಸಕ್ಕರೆಯಂಥ ದನಿಯಲ್ಲಿ ಫೋನು ಮಾಡಿದ. ಆಮೇಲೆ ತಾನೇ ಬಂದು ಕುರ್ಚಿ ಎಳೆದುಕೊಂಡು ಕೂತ.

"ಅಕ್ಕಾ, ನೋಟಿಸ್ ಇನ್ನೂ ಕೈಗೆ ಬಂದಿಲ್ಲ ತಾನೆ? ಬರೋದ್ರೊಳಗೆ ಮಾರಿ ಕೈ ತೊಳ್ಕೊಂಡುಬಿಡಿ. ಕಂಬಕ್ಕೆ ಗಾರೆ ಮೆತ್ತಿಸಿ, ಒಂದು ಕೋಟ್ ಬಣ್ಣ ಬಳಿಸಿ. ಬೆಳಕಿನ ರೂಮು ನೋಡಿದ್ರೆ ಯಾರಾದ್ರೂ ಬೀಳ್ತಾರೆ."

"ಆಮೇಲೆ ತಗೊಂಡೋರ ಗತಿ?" ಎಂದು ರೈಟಣ್ಣ ಕೇಳಿದ.

"ನಿಮ್ಮ ಗತಿ ಯಾರು ಕೇಳಿದ್ರು ಅಣ್ಣಾ?"

ರೈಟಣ್ಣ ಹೆಂಡತಿಯ ಮುಖ ನೋಡಿದ. ಟೇಪಕ್ಕ ತನ್ನ ಹೆಬ್ಬೆರಳು ನೋಡಿಕೊಂಡಳು. ಹಿಂದಿನ ವಾರವಷ್ಟೇ ಅಂಗಡಿ ಯಜಮಾನ ಹೇಳಿ ಕಳಿಸಿದ್ದ, ಶಾಲೆ ಶುರುವಾಗುವ ಹೊತ್ತಿಗೆ ಕಟಿಂಗಿಗೆ ಜನ ಬೇಕು, ಬರುತ್ತೀರಾ ಎಂದು. ಇನ್ನೂ ಉತ್ತರ ಕೊಟ್ಟಿರಲಿಲ್ಲ. ಮನೆ ಮಾರಿದರೆ ಗಂಟು ವಾಪಸು ಬರುತ್ತದೆ, ಬೆರಳು ಉಳಿಯುತ್ತದೆ. ಮಾರದಿದ್ದರೆ ಮತ್ತೆ ಕತ್ತರಿ. "ಮೆತ್ತಿಸಿ" ಎಂದಳು. "ರೈಟ್" ಎಂದ ರೈಟಣ್ಣ, ಆದರೆ ಎಂದಿನ ಗಂಟಲಲ್ಲಲ್ಲ.

ಗಾರೆಯವನು ಬಂದು ಪೈಪಿಗೆ ಮತ್ತೆ ಅಂಗಿ ತೊಡಿಸಿದ. ತಿಳಿ ಕೆನೆ ಬಣ್ಣ ಬಳಿದದ್ದಾಯಿತು. ಟೇಪಕ್ಕ ತಾನೇ ನಿಂತು ಕಿಟಕಿಗಳ ಗಾಜು ಒರೆಸಿದಳು. ನಾನು ಕೊಳ್ಳುವಾಗ ಯಾರು ಹೇಳಿದರು, ಈಗ ನಾನ್ಯಾಕೆ ಹೇಳಬೇಕು ಎಂದು ಒರೆಸುವ ಬಟ್ಟೆಯ ಜೊತೆ ಒಂದೇ ಸಮನೆ ವಾದ ಮಾಡುತ್ತಿದ್ದಳು. ವಾದದಲ್ಲಿ ಪ್ರತಿ ಸಲವೂ ಅವಳೇ ಗೆಲ್ಲುತ್ತಿದ್ದಳು. ಗೆದ್ದರೂ ಗಾಜು ಒರೆಸುವ ಕೈ ಮಾತ್ರ ಒರಟಾಗುತ್ತ ಹೋಯಿತು.

ಭಾನುವಾರ ಬೆಳಿಗ್ಗೆ ಬ್ರೋಕರು ಗಿರಾಕಿಯನ್ನು ಕರೆತಂದ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಮೆಟ್ಟಿಲು ಹತ್ತಿ ಬಂದವಳು ಟೇಪಕ್ಕನನ್ನು ಕಂಡು ಹಾಗೇ ನಿಂತುಬಿಟ್ಟಳು.

"ಅಯ್ಯೋ, ನೀವು ಟೇಪಕ್ಕ ಅಲ್ವಾ?"

ಟೇಪಕ್ಕ ಮುಖ ನೋಡಿದಳು. ಮುಖ ನೆನಪಾಗಲಿಲ್ಲ, ಭುಜ ನೆನಪಾಯಿತು. ಎಡಭುಜ ಬಲಕ್ಕಿಂತ ಅರ್ಧ ಇಂಚು ತಗ್ಗು. ಆ ಹುಡುಗಿಗೆ ಎಡಗಡೆ ಸ್ವಲ್ಪ ಎತ್ತಿ ಹೊಲಿಸುತ್ತಿದ್ದಳು.

"ನೀಲಿ ಸ್ಕರ್ಟು, ಬಿಳಿ ಅಂಗಿ" ಎಂದಳು ಟೇಪಕ್ಕ.

"ಹ್ಞೂಂ! ಒಂದೇ ಸ್ಕರ್ಟು, ಮೂರು ವರ್ಷ. ಪ್ರತಿ ವರ್ಷ ಅಮ್ಮ ಹೊಲಿಗೆ ಬಿಚ್ಚಿ ಒಂದು ಬೆರಳು ಇಳಿಸೋಳು. ನಿಮ್ಮನ್ನ ನೆನಸಿಕೊಂಡೇ ಬಿಚ್ಚೋಳು." ಹುಡುಗಿ ನಕ್ಕಳು. "ಅಮ್ಮ ಇನ್ನೂ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡ್ತಾಳೆ ಆಂಟಿ. ಮಂಡಿ ಹೋಗಿದೆ, ನಿಲ್ಲೋಕಾಗಲ್ಲ. ಈ ಮನೆ ಬಾಡಿಗೆ ಬಂದ್ರೆ ಬಿಡಿಸಿಬಿಡ್ತೀನಿ. ಕೂಡಿಟ್ಟಿದ್ದೆಲ್ಲ ಇದಕ್ಕೇ."

ರೈಟಣ್ಣ ಕಿಟಕಿಯಾಚೆ ನೋಡತೊಡಗಿದ. ಹುಡುಗಿ ಹಾಲು ದಾಟಿ ಬೆಳಕಿನ ಕೋಣೆಗೆ ಹೋದಳು. ಮಧ್ಯೆ ನಿಂತು, ಬಾಯಿಬಿಟ್ಟುಕೊಂಡು ನೋಡಿದಳು.

"ಇದು ಪ್ಲಾನಲ್ಲಿದೆಯಾ?" ಎಂದು ಕೇಳಿದಳು. ಕೇಳುವುದೇನೋ ಕೇಳಿದಳು.

"ಇದು ಕೊಸರು ಅಂದ್ಕೊಳ್ಳಿ ಮೇಡಂ!" ಎಂದು ಬ್ರೋಕರು ಹಲ್ಲು ಕಿರಿದ. "ಬೇಕಾದ್ರೆ ಅಳೆದುಕೊಳ್ಳಿ."

"ಟೇಪಕ್ಕ ಕೊಡ್ತಿರೋ ಮನೆ, ಅಳತೆ ಯಾಕೆ ನೋಡ್ಬೇಕು?" ಎಂದಳು ಹುಡುಗಿ. "ನಾನು ನೋಡಲ್ಲ."

ಆ ಒಂದು ಮಾತು ಆಡದೆ ಇದ್ದಿದ್ದರೆ! ಟೇಪಕ್ಕನಿಗೆ ಆ ಹುಡುಗಿಯ ಮೇಲೇ ಸಿಟ್ಟು ಬಂತು. ನೋಡೇ, ಅಳೆದುಕೊಳ್ಳೇ, ಜಗಳ ಆಡೇ, ನಂಬ್ತೀನಿ ಅಂತ ಯಾಕೆ ನಿಂತಿದ್ದೀಯ ಎಂದು ಕೂಗಬೇಕೆನಿಸಿತು. ಕೈ ಮಾತ್ರ ತನ್ನಷ್ಟಕ್ಕೆ ಚೀಲದೊಳಗೆ ಹೋಯಿತು, ಪ್ಲಾಸ್ಟಿಕ್ ಡಬ್ಬಿ ತೆರೆದು ಹೊಸ ಟೇಪು ತೆಗೆಯಿತು. ಒಂದು ತುದಿಯನ್ನು ಹುಡುಗಿಯ ಕೈಗೆ ಕೊಟ್ಟಳು.

"ಹಿಡ್ಕೋ."

"ಬೇಡ ಆಂಟಿ, ನಾನು..."

"ಹಿಡ್ಕೋ ಅಂದೆ. ಬಾಗಿಲಿಂದ ಶುರು ಮಾಡು. ನಾನು ಎಣಿಸ್ತೀನಿ."

ಬ್ರೋಕರು, "ಅಕ್ಕಾ, ಇದೆಲ್ಲ ಈಗ್ಯಾಕೆ..." ಎಂದು ನಡುವೆ ಬಂದ. ಟೇಪಕ್ಕ ಅವನತ್ತ ತಿರುಗಿಯೂ ನೋಡಲಿಲ್ಲ. ಒಂದು, ಎರಡು, ಮೂರು, ನಾಲ್ಕು, ಐದು. ಐದಕ್ಕೆ ನಿಂತು ಕಾಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು.

"ಕಾಗದದಲ್ಲಿರೋ ಮನೆ ಇಲ್ಲಿಗೆ ಮುಗೀತು. ಇಲ್ಲೊಂದು ಗೋಡೆ ಇರಬೇಕಿತ್ತು, ಒಡೆದಿದ್ದಾರೆ. ಆ ಕಂಬ ಇದೆಯಲ್ಲ, ಅದು ಕಂಬ ಅಲ್ಲ, ನೀರಿನ ಪೈಪು. ಮೇಲೆ ಟ್ಯಾಂಕಿದೆ. ಈ ಹಿಂದಿನ ರೂಮು ಒಡೀಬೇಕು ಅಂತ ನೋಟಿಸ್ ಬರತ್ತೆ. ಹೋದ ವಾರ ನಾನೇ ಗಾರೆ ಮೆತ್ತಿಸಿ ಬಣ್ಣ ಹೊಡೆಸಿದೆ, ನಿನ್ನಂಥೋರಿಗೆ ಮಾರೋಕೆ."

ಹುಡುಗಿಯ ಕೈಯಿಂದ ಟೇಪಿನ ತುದಿ ಜಾರಿ ಬಿತ್ತು. ಕಂಬ ನೋಡಿದಳು, ಟೇಪಕ್ಕನನ್ನು ನೋಡಿದಳು. ಥ್ಯಾಂಕ್ಸ್ ಹೇಳುತ್ತಾಳೇನೋ ಅಂದರೆ ಅದೂ ಇಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, "ಬಣ್ಣ ಹೊಡೆಸಿದ್ರಾ?" ಎಂದಷ್ಟೇ ಕೇಳಿ ಮೆಟ್ಟಿಲು ಇಳಿದು ಹೋದಳು. ಬ್ರೋಕರು, "ನಿಮ್ಮಂಥೋರ ಸಹವಾಸವೇ ಬೇಡ ಮಾರಾಯ್ರೇ, ನನ್ನ ಭಾನುವಾರ ಹಾಳು" ಎಂದು ಗೊಣಗುತ್ತ ಅವಳ ಹಿಂದೆಯೇ ಓಡಿದ.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಟೇಪಕ್ಕ ಬಗ್ಗಿ ಟೇಪು ಸುತ್ತತೊಡಗಿದಳು.

"ಒಳ್ಳೇದೇ ಮಾಡ್ದೆ ಬಿಡು" ಎಂದ ರೈಟಣ್ಣ. "ಆ ಮುದುಕ ಮಾಡಿದ ಮೋಸ ನಾವು ಮಾಡೋದು ಬೇಡ. ನಮಗಂತೂ ಗೊತ್ತೇ ಇರಲಿಲ್ಲ. ಆ ಮಗೂಗಾದ್ರೂ ಗೊತ್ತಾಯ್ತಲ್ಲ."

ಇಲ್ಲಿಗೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವಳಿಗೆ ಬಿಡಲಾಗಲಿಲ್ಲ.

"ನನಗೆ ಗೊತ್ತಿತ್ತು ರೀ."

"ಏನು ಗೊತ್ತಿತ್ತು?"

"ಕೊಳ್ಳೋ ಮುಂಚೆನೇ ಅಳೆದಿದ್ದೆ. ನೀವು ಟ್ಯಾಂಕ್ ನೋಡೋಕೆ ಏಣಿ ಹತ್ತಿದ್ರಲ್ಲ, ಆವಾಗ. ಐದಕ್ಕೆ ಮುಗೀಬೇಕು, ಏಳು ಬಂತು. ಎಲ್ಲಿ ಬೆಲೆ ಜಾಸ್ತಿ ಮಾಡ್ತಾನೋ ಅಂತ ಬಾಯಿ ಮುಚ್ಕೊಂಡೆ. ಅವನು ಪೆದ್ದ ಅಂದ್ಕೊಂಡೆ."

ರೈಟಣ್ಣ ರೈಟ್ ಅನ್ನಲಿಲ್ಲ. ಗೋಡೆ ಇರಬೇಕಾಗಿದ್ದ ಕಡೆ ಅವಳು ಎಳೆದು ತೋರಿಸಿದ ಗೆರೆಯ ಆಚೆಗೆ ಹಾಗೇ ನಿಂತಿದ್ದ. ಕೆಳಗಡೆ ಮೇಷ್ಟ್ರು ಕೆಮ್ಮಿದ್ದು ಕೇಳಿಸಿತು.

"ಹಾಗಾದ್ರೆ ಐದು ತಿಂಗಳು ನಾನು ಗೇಟಲ್ಲಿ ನಿಂತು ಬೈದಿದ್ದು ಯಾರನ್ನೇ?"

"ಅರ್ಧ ನನ್ನನ್ನೇ" ಎಂದಳು ಟೇಪಕ್ಕ.

ಅವನು ಚಪ್ಪಲಿ ಮೆಟ್ಟಿ ಇಳಿದು ಹೋದ. ಮೇಷ್ಟ್ರ ಗೇಟಿನ ಮುಂದೆ ಅವನ ಹೆಜ್ಜೆ ಒಂದು ಕ್ಷಣ ನಿಂತಿತು, ಮತ್ತೆ ಮುಂದಕ್ಕೆ ಹೋಯಿತು.

ಸೋಮವಾರ ಬೆಳಿಗ್ಗೆ ಟೇಪಕ್ಕ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಅಂಗಡಿಗೆ ಹೋದಳು. ಯಜಮಾನ ಹಳೆಯ ಕತ್ತರಿಯನ್ನು ಮೇಜಿನ ಮೇಲಿಟ್ಟು, "ನೀಲಿ ಬಟ್ಟೆ ಥಾನು ಮೊದಲು ಮುಗಿಸಿಬಿಡಿ" ಎಂದ. ಅವಳು ಬಟ್ಟೆ ಹರವಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಂಚಿಗೆ ಮೂರು ಬೆರಳು ಬಿಟ್ಟಳು. ಕತ್ತರಿಯ ಹಿಡಿ ಒತ್ತಿದಳು. ನೋವು ಮೊಣಕೈ ತನಕ ಹತ್ತಿತು. ಯಾರನ್ನೂ ಬೈಯದೆ ಕತ್ತರಿಸತೊಡಗಿದಳು.